ಡಿಜೆಗೋಸ್ಕರ ಮಾಡಿದ ಹಾಡು, ಡಿಜೆ ಯಾರು ಅಂತಾನೇ ಗೊತ್ತಿಲ್ಲದ ಹಾಡು

ಬೆಂಗಳೂರಿನ ಡಿಜೆಗಳ ಮಧ್ಯೆ ಯಾರೂ ಬಾಯಿಬಿಟ್ಟು ಹೇಳದ ಒಂದು ಪಂಕ್ತಿಭೇದ ಇದೆ. ಮೇಲಿನ ಪಂಕ್ತೀಲಿ ಟೆಕ್ನೋ ಅನ್ನೋ ಮಷೀನ್ ಬೀಟಿನ ಡ್ಯಾನ್ಸ್ ಸಂಗೀತದವರು, ಕಪ್ಪು ಟೀಶರ್ಟು, ಮುಖದಲ್ಲಿ ನಗು ಇರಲ್ಲ. ಅವರ ಪಕ್ಕ ಅಂಥದ್ದೇ ಇನ್ನೊಂದು ಸಂಗೀತ, ಹೌಸ್, ಪ್ಲೇ ಮಾಡೋರು. ಆಮೇಲೆ ಹಿಪ್‌ಹಾಪ್‌ನವರು, ಆಮೇಲೆ ಬಾಲಿವುಡ್ ನೈಟ್ ಮಾಡೋರು, ಕಟ್ಟಕಡೆಗೆ ಕಲ್ಯಾಣ ಮಂಟಪದ ಮೂಲೇಲಿ ಎರಡು ಟಾಪು ಎರಡು ಬಾಸು ಸ್ಪೀಕರ್ ನಿಲ್ಲಿಸ್ಕೊಂಡು ರಿಸೆಪ್ಷನ್ ನಡೆಸೋ ಮದುವೆ ಡಿಜೆ. ನಾನು ಎರಡು ಕಡೆನೂ ಊಟ ಮಾಡೋನು. ಸೀಸನ್ ಇಲ್ಲದಾಗ ಇಂದಿರಾನಗರ ಕೋರಮಂಗಲದ ಪಬ್‌ಗಳಲ್ಲಿ ಹೌಸ್ ಪ್ಲೇ ಮಾಡ್ತೀನಿ, ಮುಹೂರ್ತ ಜಾಸ್ತಿ ಇರೋ ತಿಂಗಳಲ್ಲಿ ತುಮಕೂರು ಹಾಸನ ಮಂಡ್ಯ ಅಂತ ಗಾಡಿ ಹತ್ತುತೀನಿ. ಹಂಗಾಗಿ ಒಂದು ಮಾತು ಸ್ವಲ್ಪ ಧೈರ್ಯವಾಗಿ ಹೇಳ್ಬಹುದು ಅನ್ಸುತ್ತೆ: ಬರೀ ಮಿಕ್ಸಿಂಗ್ ಎಷ್ಟು ಕಷ್ಟ ಅನ್ನೋದನ್ನೇ ಅಳತೆಗೋಲು ಮಾಡ್ಕೊಂಡ್ರೆ ಈ ಪಂಕ್ತಿ ಉಲ್ಟಾ ಕೂರ್ಬೇಕು.

ಇದು ನಮ್ಮ ಹಾಡು ಗ್ರೇಟು ಅಂತ ಹೇಳೋ ಅಭಿಮಾನದ ಮಾತಲ್ಲ. ಒಂದು ಹಾಡು ಮಿಕ್ಸ್ ಮಾಡೋಕೆ ಸುಲಭಾನಾ ಕಷ್ಟಾನಾ ಅನ್ನೋದು ಆ ಸಂಗೀತ ಎಷ್ಟು ಗಹನ ಅನ್ನೋದರ ಮೇಲೆ ನಿಂತಿಲ್ಲ, ಅದನ್ನ ಮಾಡಿದೋನ ತಲೇಲಿ ಆವಾಗ ಡಿಜೆ ಇದ್ನಾ ಇಲ್ವಾ ಅನ್ನೋದರ ಮೇಲೆ ನಿಂತಿದೆ. ಅಷ್ಟೇ ನನ್ನ ವಾದ.

ಮೊದಲು ಕೆಲಸ ಏನು ಅಂತ ನೋಡೋಣ, ಗೊತ್ತಿರೋರು ಈ ಪ್ಯಾರಾ ಹಾರಿಸ್ಬಹುದು. ಒಂದು ಹಾಡು ಹೊರಗಡೆ ಓಡ್ತಿರುತ್ತೆ. ಮುಂದಿನದನ್ನ ಹೆಡ್‌ಫೋನ್‌ನಲ್ಲಿ ಮಾತ್ರ ಕೇಳ್ಕೊಂಡು ಅದರ ವೇಗ ಇದರ ವೇಗಕ್ಕೆ ತರ್ಬೇಕು. ವೇಗ ಒಂದಾದ್ರೆ ಸಾಲ್ದು, ಎರಡರ ಬೀಟೂ ಒಂದೇ ಕ್ಷಣಕ್ಕೆ ಬೀಳ್ಬೇಕು. ಅದೂ ಸಾಲ್ದು, ಆವರ್ತದ ಮೊದಲನೇ ಬೀಟು ಮೊದಲನೇ ಬೀಟಿನ ಮೇಲೇ ಕೂರ್ಬೇಕು, ಸಂಗೀತ ಕಲಿತೋರ ಭಾಷೇಲಿ ಹೇಳೋದಾದ್ರೆ ಸಮಕ್ಕೆ ಸಮ. ಆಮೇಲೆ ಎರಡು ಶ್ರುತಿ ಜಗಳ ಆಡ್ಬಾರ್ದು, ಎರಡು ಬಾಸ್ ಒಂದರ ಮೇಲೊಂದು ಬಿದ್ದು ಸ್ಪೀಕರ್ ಗೊರಗೊರ ಅನ್ಬಾರ್ದು, ಅದಕ್ಕೆ ಒಂದರ ಲೋ, ಅಂದ್ರೆ ತಗ್ಗಿನ ಸದ್ದು, ಕಟ್ ಮಾಡಿ ಇನ್ನೊಂದರದ್ದು ಬಿಡ್ಬೇಕು, ಇಷ್ಟೆಲ್ಲಾ ಮಾಡ್ತಿರೋವಾಗ ಎದುರಿಗಿರೋ ಜನದ ಮುಖಾನೂ ನೋಡ್ತಿರ್ಬೇಕು. ಎಷ್ಟು ಸೂಕ್ಷ್ಮ ಅಂತ ಒಂದು ಲೆಕ್ಕ ಹೇಳ್ತೀನಿ. ಒಂದು ಹಾಡು ನಿಮಿಷಕ್ಕೆ 124 ಬೀಟು, ಇನ್ನೊಂದು 124.1 ಅಂದ್ಕೊಳ್ಳಿ. ಪಾಯಿಂಟ್ ಒಂದು ಏನ್ ಮಹಾ ಅನ್ಸುತ್ತೆ. ಆದ್ರೆ ಒಂದೇ ನಿಮಿಷದಲ್ಲಿ ಎರಡರ ಮಧ್ಯೆ ಬೀಟಿನ ಹತ್ತನೇ ಒಂದು ಭಾಗ ಜಾರಿರುತ್ತೆ, ಸುಮಾರು 48 ಮಿಲಿಸೆಕೆಂಡು, ಕಿಕ್, ಅಂದ್ರೆ ದಪ್ಪ ಡ್ರಮ್ಮಿನ ಏಟು, ಎರಡೂ ಸೇರಿ ಧಪ್ ಅನ್ನೋ ಬದ್ಲು ಧಧಪ್ ಅನ್ನೋಕೆ ಶುರುವಾಗುತ್ತೆ, ಡ್ಯಾನ್ಸ್ ಮಾಡೋರಿಗೆ ಏನಾಯ್ತು ಅಂತ ಗೊತ್ತಾಗಲ್ಲ, ಆದ್ರೆ ಕಾಲಿಗೆ ಗೊತ್ತಾಗುತ್ತೆ.

ಈಗ ಹೌಸ್ ಮತ್ತೆ ಟೆಕ್ನೋ ತಗೊಳ್ಳಿ. ಒಂದು ಹೌಸ್ ಟ್ರ್ಯಾಕ್ ಓಪನ್ ಮಾಡಿದ್ರೆ ಮೊದಲ 16 ಇಲ್ಲ 32 ಬಾರ್ (ಒಂದು ಬಾರ್ ಅಂದ್ರೆ ನಾಕು ಬೀಟು) ಬರೀ ಡ್ರಮ್ ಇರುತ್ತೆ, ಕಡೇಲೂ ಹಂಗೇ. ಮನೇಲಿ ಕೂತು ಕೇಳೋರಿಗೆ ಅದೊಂದು ಬೋರು, ಒಂದು ನಿಮಿಷ ಧಪ್ ಧಪ್ ಧಪ್. ಆ ನಿಮಿಷ ಕೇಳುಗನಿಗೆ ಅಂತ ಇಟ್ಟಿದ್ದೇ ಅಲ್ಲ, ನಮಗೆ ಅಂತ ಇಟ್ಟಿರೋದು. 124ರ ವೇಗದಲ್ಲಿ 32 ಬಾರ್ ಅಂದ್ರೆ 62 ಸೆಕೆಂಡ್, ಅಷ್ಟರಲ್ಲಿ ಹಳೇ ಹಾಡಿನ ಬಾಲ ಹೊಸ ಹಾಡಿನ ತಲೆ ಎರಡನ್ನೂ ಸೇರಿಸಿ ಕೈ ತೊಳ್ಕೊಳ್ಬಹುದು. ವೇಗಾನೂ ಹೆಚ್ಚುಕಮ್ಮಿ 120ರಿಂದ 128ರ ಒಳಗೆ. ಡ್ರಮ್ ಬಾರಿಸೋನು ಮನುಷ್ಯ ಅಲ್ಲ, ಮಷೀನು, ಮೊದಲ ಬೀಟಿಗೂ ಕೊನೇ ಬೀಟಿಗೂ ಕೂದಲೆಳೆ ವ್ಯತ್ಯಾಸ ಇಲ್ಲ.

ಇದು ತಾನಾಗೇ ಆಗಿದ್ದಲ್ಲ. 1970ರ ಆಸುಪಾಸಲ್ಲಿ ನ್ಯೂಯಾರ್ಕಿನ ಸ್ಯಾಂಕ್ಚುವರಿ ಅನ್ನೋ ಕ್ಲಬ್‌ನಲ್ಲಿ ಫ್ರಾನ್ಸಿಸ್ ಗ್ರಾಸೊ ಅನ್ನೋ ಡಿಜೆ ಎರಡು ರೆಕಾರ್ಡ್ ಬೀಟ್ ಕೂಡಿಸಿ ಮಿಕ್ಸ್ ಮಾಡೋನು, ಆವಾಗ ಅವನ ಕೈಲಿದ್ದದ್ದು ರಾಕ್ ಸಂಗೀತ, ಸೋಲ್ ಸಂಗೀತ, ಆಫ್ರಿಕನ್ ಡ್ರಮ್ಮು, ಎಲ್ಲಾ ಮನುಷ್ಯರು ಬಾರಿಸಿದ್ದು, ಹಾಡಿನ ಮಧ್ಯದಲ್ಲೇ ವೇಗ ಏರೋದು ಇಳಿಯೋದು. ಆಮೇಲೆ 70ರ ದಶಕದ ಮಧ್ಯಕ್ಕೆ ಟಾಮ್ ಮೌಲ್ಟನ್ ಥರದೋರು ಹಾಡನ್ನ ಉದ್ದ ಮಾಡಿ, ಮಧ್ಯದಲ್ಲಿ ಡ್ರಮ್ ಮಾತ್ರ ಉಳಿಸಿ, ಹನ್ನೆರಡು ಇಂಚಿನ ಸಿಂಗಲ್ ರೆಕಾರ್ಡ್ ಮೇಲೆ ತಂದ್ರು. 1979ರಲ್ಲಿ ಟೆಕ್ನಿಕ್ಸ್ ಕಂಪ್ನಿಯ 1200 ಮಾರ್ಕ್ 2 ಟರ್ನ್‌ಟೇಬಲ್ ಬಂತು, ಪಕ್ಕದಲ್ಲಿ ಉದ್ದಕ್ಕೆ ವೇಗ ಏರಿಸಿ ಇಳಿಸೋ ಒಂದು ಪಿಚ್ ಫೇಡರು, ಮೇಲಕ್ಕೂ ಕೆಳಕ್ಕೂ ಎಂಟೆಂಟು ಪರ್ಸೆಂಟ್. ರೋಲ್ಯಾಂಡ್‌ನ 808 ಮತ್ತೆ 909 ಡ್ರಮ್ ಮಷೀನುಗಳು 80ರ ದಶಕದ ಮೊದಲ ಭಾಗದಲ್ಲೇ ಬಂದ್ವು, ಶಿಕಾಗೋದಲ್ಲಿ ಡಿಜೆ ಫ್ರ್ಯಾಂಕಿ ನಕಲ್ಸ್ ಸುತ್ತಮುತ್ತ ಹೌಸ್ ಹುಟ್ತು, ಡೆಟ್ರಾಯ್ಟ್‌ನಲ್ಲಿ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಸೇರಿ ಟೆಕ್ನೋ. ಇವರಲ್ಲಿ ಹಾಡು ಮಾಡೋರೂ ಡಿಜೆಗಳೇ, ಕೇಳಿಸೋರೂ ಡಿಜೆಗಳೇ. ಸಂಗೀತ ಮತ್ತೆ ಅದನ್ನ ಮಿಕ್ಸ್ ಮಾಡೋ ಕೆಲಸ ಒಂದಕ್ಕೊಂದು ತಿದ್ಕೊಂಡು ತಿದ್ಕೊಂಡು ಬೆಳೆದ್ವು. ಅದಕ್ಕೇ ಹೊಸದಾಗಿ ಕಲಿಯೋ ಹುಡುಗ್ರಿಗೆ ಹೌಸ್‌ನಿಂದಲೇ ಶುರು ಮಾಡಿ ಅಂತ ಎಲ್ರೂ ಹೇಳೋದು, ಸರಿಯಾಗೇ ಹೇಳ್ತಾರೆ.

ಹಂಗಂತ ಟೆಕ್ನೋದವರನ್ನ ಪೂರ್ತಿ ಬೈಯಕ್ಕಾಗಲ್ಲ. ಎರಡು ಹಾಡು ಸೇರಿಸೋದು ಸುಲಭ ಆದಾಗ ಎರಡು ನಿಮಿಷ ಸೇರಿಸಿ ಇಟ್ಕೊಳ್ಳೋ ಆಸೆ ಬರುತ್ತೆ, ಮೂರನೇ ಹಾಡನ್ನೂ ತರೋ ಆಸೆ ಬರುತ್ತೆ. ಟೆಕ್ನೋ ಡಿಜೆ ಜೆಫ್ ಮಿಲ್ಸ್ ಮೂರು ಟರ್ನ್‌ಟೇಬಲ್ ಜೊತೆ 909 ಮಷೀನನ್ನೂ ಇಟ್ಕೊಂಡು ಮಾಡೋದನ್ನ ವಿಡಿಯೋದಲ್ಲಿ ನೋಡಿ, ಆ ಮನುಷ್ಯನ ಕೈ ಒಂದು ಕ್ಷಣಾನೂ ಸುಮ್ನೆ ಇರಲ್ಲ. ಜೊತೆಗೆ ಟೆಕ್ನೋದಲ್ಲಿ ಮುಚ್ಚಿಡೋಕೆ ಏನೂ ಇಲ್ಲ, ಹಾಡುಗಾರ ಇಲ್ಲ, ಮಾತಿಲ್ಲ, ಹೈಹ್ಯಾಟು ಒಂಚೂರು ಜಾರಿದ್ರೂ ಬೆತ್ತಲೆಯಾಗಿ ಕೇಳ್ಸುತ್ತೆ. ನಾಕು ಗಂಟೆ ಹೊತ್ತು ಒಂದೇ ಥರದ ಧ್ವನಿಯಲ್ಲಿ ಜನರನ್ನ ಹಿಡಿದಿಡೋದು ಬೇರೆಯದೇ ವಿದ್ಯೆ. ಆದ್ರೆ ಅದು ಆಯ್ಕೆಯ ಕಷ್ಟ, ತಾಳ್ಮೆಯ ಕಷ್ಟ. ಮಿಕ್ಸಿಂಗ್‌ನ ಕಷ್ಟ ಅಂತ ಅದನ್ನ ಮಾರಬೇಡಿ, ಅದರಲ್ಲೂ ಬೀಟನ್ನ ತಾನೇ ಹೊಂದಿಸಿಕೊಡೋ ಸಿಂಕ್ ಬಟನ್ ಒತ್ಕೊಂಡು.

ಟ್ರಾನ್ಸ್ ಕಡೆ ಹೋದ್ರೆ, ಅದರಲ್ಲೂ ಸೈಟ್ರಾನ್ಸ್, ಬೀಟು ಹೌಸ್‌ನಷ್ಟೇ ನೆಟ್ಟಗೆ, ವೇಗ 140ರ ಆಚೀಚೆ. ತೊಂದರೆ ಬಾಸ್‌ದು. ಪ್ರತಿ ಕಿಕ್ ಆದ್ಮೇಲೆ ಮೂರು ಬಾಸ್ ಸ್ವರ ಗುಡುಗುಡು ಅಂತ ಹೋಗ್ತಾನೇ ಇರುತ್ತೆ, ಉಸಿರಾಡೋ ಜಾಗ ಇಲ್ಲ. ಒಂದು ಹಾಡಿನ ಬಾಸು ಎಫ್, ಇನ್ನೊಂದರದ್ದು ಎಫ್ ಶಾರ್ಪ್ ಇತ್ತು ಅಂದ್ರೆ ಒಂದು 43.6 ಹರ್ಟ್ಸ್ ಇನ್ನೊಂದು 46.2, ಎರಡೂ ಒಟ್ಟಿಗೆ ಬಿಟ್ರೆ ಸೆಕೆಂಡಿಗೆ ಎರಡೂವರೆ ಸಲ ಏರಿಳಿಯೋ ಒಂದು ಅಸಹ್ಯ ಗುಂಯ್ ಹುಟ್ಟುತ್ತೆ, ದೊಡ್ಡ ಸಿಸ್ಟಂ ಮುಂದೆ ನಿಂತೋರಿಗೆ ಹೊಟ್ಟೆ ತೊಳಸಿದಂಗೆ ಆಗುತ್ತೆ. ಹಾಗಾಗಿ ಇಲ್ಲಿ ಶ್ರುತಿ ನೋಡ್ದೆ ಮಿಕ್ಸ್ ಮಾಡೋ ಹಂಗಿಲ್ಲ, ಬಾಸ್ ಅದಲುಬದಲು ಮಾಡೋದು ಒಂದೇ ಏಟಿಗೆ ಆಗ್ಬೇಕು. ಇದಕ್ಕಿಂತ ಮಜಾ ವಿಷಯ ಅಂದ್ರೆ ಈ ಸಂಗೀತ ಬೆಳೆದಿದ್ದು ನಮ್ಮ ಕಾರವಾರ ದಾಟಿ ಸ್ವಲ್ಪ ಮೇಲೆ, ಗೋವಾದ ಅಂಜುನ ವಾಗತೋರ್ ಬೀಚ್‌ಗಳಲ್ಲಿ, ಅಲ್ಲಿನವರ ಹತ್ರ ಬೀಟ್‌ಮ್ಯಾಚ್ ಮಾಡೋ ಸಾಧನಾನೇ ಇರ್ಲಿಲ್ಲ. ಆ ಬಿಸಿಲಲ್ಲಿ ಆ ಮರಳಲ್ಲಿ ರೆಕಾರ್ಡ್ ಹೊತ್ಕೊಂಡು ತಿರುಗೋದು ಆಗದ ಮಾತು, ಅದಕ್ಕೆ ಕ್ಯಾಸೆಟ್, ಆಮೇಲೆ ಡ್ಯಾಟ್ ಅನ್ನೋ ಡಿಜಿಟಲ್ ಟೇಪು. ಡ್ಯಾಟ್‌ನಲ್ಲಿ ರೆಕಾರ್ಡ್ ಥರ ಕೈಯಿಂದ ತಳ್ಳಿ ಎಳೆದು ಬೀಟ್ ಸರಿ ಮಾಡೋದು ಎಲ್ಲಿಂದ ಬರ್ಬೇಕು. 2023ರಲ್ಲಿ ತೀರಿಕೊಂಡ ಡಿಜೆ ಗೋವಾ ಗಿಲ್ ಡ್ಯಾಟ್‌ನಲ್ಲೇ ರಾತ್ರಿಯಿಡೀ, ಮಾರನೇ ದಿನ ಪೂರ್ತಿ ಅಂತ ಪ್ಲೇ ಮಾಡೋರು. ಬೀಟ್ ಇಲ್ಲದ ಒಂದು ಹಾಡಿನ ಕಡೆ ಭಾಗದ ಮೇಲೆ ಬೀಟ್ ಇಲ್ಲದ ಇನ್ನೊಂದರ ಆರಂಭ ತೇಲಿಸಿಬಿಡೋದು, ಅಷ್ಟೇ ಮಿಕ್ಸು. ಜನ ಬೆಳಗಾಗೋ ತನಕ ಕುಣಿದ್ರು. ಬೀಟ್‌ಮ್ಯಾಚ್ ಬರ್ದೇ ಇರೋನು ಡಿಜೆನೇ ಅಲ್ಲ ಅಂತ ಹೇಳೋರಿಗೆ ನಾನು ಇದನ್ನೇ ಹೇಳೋದು.

ಡ್ರಮ್ ಆಂಡ್ ಬಾಸ್‌ನಲ್ಲಿ ಕಷ್ಟ ಬೇರೆ ಥರ. ವೇಗ 174ರ ಸುತ್ತ. ಹೌಸ್‌ನಲ್ಲಿ 16 ಬಾರ್‌ಗೆ 31 ಸೆಕೆಂಡ್ ಸಿಗುತ್ತೆ, ಇಲ್ಲಿ 22. ಮಾಡೋ ಕೆಲಸ ಅಷ್ಟೇ, ಟೈಮ್ ಹತ್ರ ಹತ್ರ ಮೂರನೇ ಒಂದು ಭಾಗ ಕಮ್ಮಿ. ಕಿಕ್ ನೆಟ್ಟಗೆ ಒಂದೆರಡುಮೂರುನಾಕು ಅಂತ ಬೀಳಲ್ಲ, ಅಡ್ಡಾದಿಡ್ಡಿ ಬೀಳುತ್ತೆ, ಯಾಕಂದ್ರೆ ಇದರ ಅಡಿಪಾಯಾನೇ ಹಳೇ ರೆಕಾರ್ಡ್‌ಗಳ ಡ್ರಮ್ ಬ್ರೇಕು, ಅಂದ್ರೆ ಹಾಡಿನ ಮಧ್ಯೆ ಡ್ರಮ್ ಮಾತ್ರ ಬರೋ ಜಾಗ. ವಿನ್‌ಸ್ಟನ್ಸ್ ಅನ್ನೋ ಬ್ಯಾಂಡಿನ 1969ರ ಒಂದು ಹಾಡಲ್ಲಿ ಜಿ. ಸಿ. ಕೋಲ್ಮನ್ ಬಾರಿಸಿದ ನಾಕು ಬಾರು, ಹತ್ತಿರ ಹತ್ತಿರ ಏಳು ಸೆಕೆಂಡು, ಅದನ್ನ ಕತ್ತರಿಸಿ ವೇಗ ಮಾಡಿ ಇಂಗ್ಲೆಂಡಿನ ಹುಡುಗ್ರು ಒಂದು ಇಡೀ ಸಂಗೀತಾನೇ ಕಟ್ಟಿದ್ರು. ಎರಡು ಅಂಥ ಬ್ರೇಕು ಒಟ್ಟಿಗೆ ಓಡಿಸೋವಾಗ ಯಾವ ಸ್ನೇರ್ ಡ್ರಮ್ಮಿನ ಏಟು ಯಾರದ್ದು ಅಂತ ಹೆಡ್‌ಫೋನ್‌ನಲ್ಲಿ ಗುರುತು ಹಿಡಿಯೋದೇ ಒಂದು ಸಾಹಸ, ಶುರು ಮಾಡಿದ ಮೇಲೆ ಕಿವಿ ಪಳಗೋಕೆ ಸುಮಾರು ಕಾಲ ಬೇಕು. ಎರಡು ಹಾಡಿನ ಡ್ರಾಪು, ಅಂದ್ರೆ ಬೀಟು ಬಾಸು ಎಲ್ಲಾ ಒಟ್ಟಿಗೆ ಧುಮುಕೋ ಜಾಗ, ಒಂದೇ ಕ್ಷಣಕ್ಕೆ ಬೀಳೋ ಥರ ಜೋಡಿಸೋದನ್ನ ಡಬಲ್ ಡ್ರಾಪ್ ಅಂತಾರೆ, ಡಿಜೆ ಆಂಡಿ ಸಿ ಅದರಲ್ಲಿ ನಿಸ್ಸೀಮ. ಆದ್ರೆ ಒಂದು ವಿಷಯ ಮರೀಬಾರ್ದು, ಡ್ರಮ್ ಆಂಡ್ ಬಾಸೂ ಡಿಜೆಗೋಸ್ಕರಾನೇ ಮಾಡಿದ ಸಂಗೀತ. ವೇಗ ಎಲ್ಲದರದ್ದೂ ಹತ್ರ ಹತ್ರ, ಎಂಟು ಹದಿನಾರು ಮೂವತ್ತೆರಡರ ಲೆಕ್ಕ ತಪ್ಪಲ್ಲ, ಎಲ್ಲಿ ಡ್ರಾಪ್ ಬರುತ್ತೆ ಅಂತ ಕಣ್ಣು ಮುಚ್ಕೊಂಡು ಹೇಳ್ಬಹುದು. ಓಡೋ ಬಸ್ ಹತ್ತೋ ಕಷ್ಟ ಇದು, ಬಸ್ಸು ವೇಗ ಇದೆ ನಿಜ, ಆದ್ರೆ ರೂಟು ಗೊತ್ತಿದೆ.

ಹಿಪ್‌ಹಾಪ್‌ಗೆ ಬಂದ್ರೆ ಆಟಾನೇ ಬೇರೆ. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನೋ ಅಪಾರ್ಟ್‌ಮೆಂಟ್, ಡಿಜೆ ಕೂಲ್ ಹರ್ಕ್ ತಂಗಿ ಇಟ್ಕೊಂಡ ಪಾರ್ಟಿ. ಹಾಡಿನ ಮಧ್ಯೆ ಡ್ರಮ್ ಮಾತ್ರ ಬರೋ ಜಾಗಕ್ಕೆ ಜನ ಹುಚ್ಚೆದ್ದು ಕುಣಿತಾರೆ ಅಂತ ಹರ್ಕ್ ಗಮನಿಸಿದ್ದ, ಬರಬರ್ತಾ ಒಂದೇ ರೆಕಾರ್ಡ್‌ನ ಎರಡು ಕಾಪಿ ಇಟ್ಕೊಂಡು ಆ ಜಾಗಾನ ಮತ್ತೆ ಮತ್ತೆ ತರೋಕೆ ಶುರು ಮಾಡ್ದ. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ರೆಕಾರ್ಡ್ ಮೇಲೆ ಕ್ರೆಯಾನ್‌ನಲ್ಲಿ ಗುರುತು ಹಾಕಿ, ಎಷ್ಟು ಸುತ್ತು ಹಿಂದಕ್ಕೆ ತಿರುಗಿಸ್ಬೇಕು ಅಂತ ಲೆಕ್ಕ ಇಟ್ಟು, ಅದನ್ನ ಒಂದು ಶಾಸ್ತ್ರಾನೇ ಮಾಡಿಬಿಟ್ಟ. ಇಲ್ಲಿ ನಿಧಾನಕ್ಕೆ ಬೆರೆಸೋ ಮಾತಿಲ್ಲ, ಕತ್ತರಿಸಿ ಅಂಟಿಸೋದೇ. ಹಾಡು ಶುರುವಾದ ನಾಕನೇ ಸೆಕೆಂಡಿಗೆ ರ್‍ಯಾಪರ್ ಬಾಯಿ ತೆಗೀತಾನೆ, ಎರಡು ಜನ ಒಟ್ಟಿಗೆ ಮಾತಾಡಿದ್ರೆ ಸಂತೆ. ಒಂದು ಹಾಡು 88, ಮುಂದಿನದು 98, ಟ್ರ್ಯಾಪ್ ಅನ್ನೋ ಹಿಪ್‌ಹಾಪ್ ಶೈಲಿ ಆದ್ರೆ 70 ಅಂತಾನೂ ಎಣಿಸ್ಬಹುದು 140 ಅಂತಾನೂ ಎಣಿಸ್ಬಹುದು. ಹಾಡೊಂದನ್ನ ಒಂದೂವರೆ ನಿಮಿಷದ ಮೇಲೆ ಬಿಟ್ರೆ ಜನ ಫೋನ್ ತೆಗೀತಾರೆ. ಹೌಸ್ ಡಿಜೆ ಗಂಟೆಗೆ ಹತ್ತು ಹನ್ನೆರಡು ಸಲ ಮಾಡೋ ಕೆಲಸಾನ ಇವನು ಮೂವತ್ತು ನಲವತ್ತು ಸಲ ಮಾಡ್ಬೇಕು. ಸ್ಕ್ರ್ಯಾಚ್ ಬೇರೆ, ಅದು ವಾದ್ಯ ಕಲಿತಂಗೆ, ಅದರ ಬಗ್ಗೆ ಬರೆಯೋ ಅರ್ಹತೆ ನನಗಿಲ್ಲ ಬಿಡಿ.

ಜಮೈಕಾದ ಡ್ಯಾನ್ಸ್‌ಹಾಲ್ ಇದಕ್ಕೆ ಒಳ್ಳೇ ಉಲ್ಟಾ ಉದಾಹರಣೆ. ಅಲ್ಲಿ ಒಂದೇ ರಿಡಿಮ್, ಅಂದ್ರೆ ಒಂದೇ ಬೀಟು ಒಂದೇ ಬಾಸು, ಅದರ ಮೇಲೆ ಹತ್ತು ಜನ ಗಾಯಕರು ಹತ್ತು ಬೇರೆ ಹಾಡು ಹಾಡಿರ್ತಾರೆ. ವೇಗ ಅದೇ, ಶ್ರುತಿ ಅದೇ, ಒಂದರಿಂದ ಇನ್ನೊಂದಕ್ಕೆ ಹೋಗೋದು ನೀರು ಕುಡಿದಂಗೆ ಆಗ್ಬೇಕು. ಆದ್ರೆ ಅಲ್ಲಿ ಜನ ಮಿಕ್ಸ್ ನೋಡೋಕೆ ಬಂದಿರಲ್ಲ, ಯಾವ ಗಾಯಕನ ನಂತರ ಯಾರು, ಯಾವಾಗ ನಿಲ್ಲಿಸಿ ಮೊದಲಿಂದ ಹಾಕ್ತಾನೆ ಅಂತ ನೋಡೋಕೆ ಬಂದಿರ್ತಾರೆ.

ಸರಿ, ಈಗ ಮಂಟಪಕ್ಕೆ ಬರೋಣ.

80ರ ದಶಕದ ಒಂದು ಕನ್ನಡ ಸಿನಿಮಾ ಹಾಡು ತಗೊಳ್ಳಿ, ಯಾವುದಾದ್ರೂ ಸರಿ, ರಿಸೆಪ್ಷನ್‌ನಲ್ಲಿ ಹುಡುಗಿ ಚಿಕ್ಕಪ್ಪ ಬಂದು "ಡಿಜೆ ಅವ್ರೇ, ನಮ್ ಕಾಲದ್ದೊಂದು ಹಾಕ್ರೀ" ಅಂತ ಕೇಳೋ ಥರದ್ದು. ಅಂಥ ಎಷ್ಟೋ ಹಾಡು ಮದ್ರಾಸಿನ ಸ್ಟುಡಿಯೋಗಳಲ್ಲಿ ರೆಕಾರ್ಡ್ ಆಗಿದ್ದು, ವಯಲಿನ್ನು, ಕೊಳಲು, ತಬಲಾ, ಢೋಲಕ್, ಗಾಯಕರು ಎಲ್ಲಾ ಸೇರಿ ಹಾಡಿ ನುಡಿಸಿದ್ದು. ಕಿವೀಲಿ ಟಿಕ್ ಟಿಕ್ ಅನ್ನೋ ಕ್ಲಿಕ್ ಇಲ್ಲ, ತಾಳಕ್ಕೆ ಕಂಡಕ್ಟರ್ ಕೈಯೇ ಗತಿ. ಹಂಗಾಗಿ ಪಲ್ಲವಿ 104ರಲ್ಲಿ ಶುರುವಾಗಿ ಕೊನೇ ಚರಣದ ಹೊತ್ತಿಗೆ ಉತ್ಸಾಹಕ್ಕೆ 108ಕ್ಕೆ ಹೋಗಿರುತ್ತೆ ಅಂದ್ಕೊಳ್ಳಿ. ಕೇಳೋರಿಗೆ ಗೊತ್ತೇ ಆಗಲ್ಲ, ಹಾಡಿಗೆ ಕಳೆ ಬಂತು ಅನ್ಸುತ್ತೆ ಅಷ್ಟೇ. ನನಗೆ? 104 ಅಂತ ನಂಬ್ಕೊಂಡು ಕೂತ್ರೆ ಎಂಟೇ ಎಂಟು ಬಾರ್‌ನಲ್ಲಿ ಮುಕ್ಕಾಲು ಸೆಕೆಂಡ್ ಹತ್ರ ಜಾರಿರುತ್ತೆ, ಅಂದ್ರೆ ಒಂದು ಪೂರ್ತಿ ಬೀಟಿಗಿಂತ ಜಾಸ್ತಿ. ಮೇಲೆ ಹೇಳಿದ ಪಾಯಿಂಟ್ ಒಂದರ ಲೆಕ್ಕ ಇಲ್ಲಿ ತಮಾಷೆ. ಸಾಫ್ಟ್‌ವೇರ್ ಈ ಹಾಡಿಗೆ ಒಂದು ಬೀಟ್‌ಗ್ರಿಡ್, ಅಂದ್ರೆ ಬೀಟು ಬೀಳೋ ಕಡೆಗೆಲ್ಲಾ ಒಂದೊಂದು ಗೆರೆ, ಎಳೆಯುತ್ತೆ, ಮೊದಲ ಹತ್ತು ಸೆಕೆಂಡ್ ಸರಿ ಇರುತ್ತೆ, ಆಮೇಲೆ ಗೆರೆ ಒಂದು ಕಡೆ ತಬಲಾ ಇನ್ನೊಂದು ಕಡೆ. ಸಿಂಕ್ ಒತ್ತಿದ್ರೆ ಭಗವಂತನೇ ಕಾಪಾಡ್ಬೇಕು.

ಆಮೇಲೆ ಹಾಡಿನ ಕಟ್ಟಡ. ಹೌಸ್‌ನ ಆರಂಭ ಡ್ರಮ್ಮು, ಸಿನಿಮಾ ಹಾಡಿನ ಆರಂಭ ಒಂದು ಆಲಾಪ, ಇಲ್ಲಾ ಕೊಳಲು, ಇಲ್ಲಾ ಹೀರೋ ಹೊಡೆಯೋ ಒಂದು ಡೈಲಾಗು, ಬೀಟೇ ಇಲ್ಲ. ಪಲ್ಲವಿ ಆದ್ಮೇಲೆ ಮಧ್ಯದ ಬಿಜಿಎಂನಲ್ಲಿ ವಯಲಿನ್ ಏಳು ಬಾರ್ ಹೋಗಿ ನಿಂತುಬಿಡುತ್ತೆ, ಎಂಟನೇದು ಇಲ್ಲ, ಯಾಕಂದ್ರೆ ತೆರೆ ಮೇಲೆ ಅಲ್ಲಿ ಶಾಟ್ ಕಟ್ ಆಗುತ್ತೆ. ಹಾಡು ಮಾಡಿದೋರ ತಲೇಲಿ ಇದ್ದದ್ದು ಕ್ಯಾಮೆರಾ, ನಟಿ, ಗುಡ್ಡ, ಮಂಜು. ಮುಂದೊಂದು ದಿನ ಇದನ್ನ ಒಬ್ಬ ಪುಣ್ಯಾತ್ಮ ಇನ್ನೊಂದು ಹಾಡಿನ ಮೇಲೆ ಕೂರಿಸ್ತಾನೆ ಅಂತ ಅವರಿಗೆ ಯಾಕೆ ಹೊಳೀಬೇಕು? ಎಷ್ಟೋ ಪಲ್ಲವಿ ಸಮಕ್ಕೆ ಶುರುವಾಗೋದೇ ಇಲ್ಲ, ಎಡುಪು, ಅಂದ್ರೆ ಹಾಡು ಎತ್ತಿಕೊಳ್ಳೋ ಜಾಗ, ತಾಳದ ಅರ್ಧ ಅಕ್ಷರ ಬಿಟ್ಟು ಬರುತ್ತೆ, ಗಾಯಕರ ದನಿ ಕೇಳ್ದಂಗೇ ಅಲ್ಲಿ ಕ್ಯೂ, ಅಂದ್ರೆ ಶುರುವಿನ ಗುರುತು, ಹಾಕಿದ್ರೆ ಇಡೀ ಹಾಡು ಅರ್ಧ ಬೀಟ್ ಓರೆಯಾಗಿ ಕೂರುತ್ತೆ. ಸಂಗೀತ ಪಾಠಕ್ಕೆ ಹೋಗಿ ಕೈಲಿ ತಾಳ ಹಾಕಿದ್ದ ಹುಡುಗ್ರಿಗೆ ಈ ಜಾಗದಲ್ಲಿ ತೊಂದ್ರೆ ಆಗಲ್ಲ, ವಿಡಿಯೋ ನೋಡಿ ಕಲಿತ ಡಿಜೆಗಳು ತಿಣುಕಾಡ್ತಾರೆ.

ಎಲ್ಲಕ್ಕಿಂತ ದೊಡ್ಡ ಸಮಸ್ಯೆ ನಡೆ. ನಮ್ಮ ಜನ ಕುಣಿಯೋದೇ ತಮಟೆ ಏಟಿಗೆ, ಅದು ಬಹಳಷ್ಟು ಸಲ ತಿಶ್ರ, ಬೀಟಿಗೆ ಮೂರು ಪೆಟ್ಟು. ಹೌಸು, ಟೆಕ್ನೋ, ಬಾಲಿವುಡ್ ಡ್ಯಾನ್ಸ್ ನಂಬರು ಎಲ್ಲಾ ಚತುರಶ್ರ, ಬೀಟಿಗೆ ನಾಕು. ಕಿಕ್ ಮೇಲೆ ಕಿಕ್ ಕೂರಿಸ್ಬಹುದು, ಎರಡರದ್ದೂ 130 ಅಂದ್ಕೊಳ್ಳಿ, ಕೂರುತ್ತೆ. ಆದ್ರೆ ಮಧ್ಯದಲ್ಲಿ ಮೂರರ ಪೆಟ್ಟು ನಾಕರ ಪೆಟ್ಟು ಒಂದಕ್ಕೊಂದು ಢಿಕ್ಕಿ ಹೊಡೀತಾ ಹೋಗುತ್ತೆ, ಮೇಳ ಸೇರಿಲ್ಲ ಅಂತ ಎಂಥೋರಿಗೂ ಕೇಳ್ಸುತ್ತೆ. ಉಪಾಯ ಇಷ್ಟೇ: ಹೋಗೋ ಹಾಡಿನ ಮಿಡ್ಡು, ಹೈ ಎರಡೂ ಪೂರ್ತಿ ಇಳಿಸಿ ಬರೀ ಕಿಕ್ ಉಳಿಸ್ಕೊಳ್ಳೋದು, ಆ ಕಿಕ್ ಮೇಲೆ ತಮಟೆ ಲೂಪ್, ಅಂದ್ರೆ ಮತ್ತೆ ಮತ್ತೆ ಸುತ್ತೋ ತುಣುಕು, ಒಂದನ್ನ ತರೋದು, ಜನದ ಕಾಲು ಮೂರಕ್ಕೆ ತಿರುಗೋ ತನಕ ಕಾಯೋದು, ಆಮೇಲೆ ಹಾಡು ಬಿಡೋದು. ಆ ಲೂಪ್‌ಗಳನ್ನ ಬೇರೆ ಬೇರೆ ವೇಗದಲ್ಲಿ ರೆಡಿ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಕೊಂಡಿರ್ತಾರೆ ನಮ್ಮ ಮದುವೆ ಡಿಜೆಗಳು. ಯಾವ ಟೆಕ್ನೋ ಕ್ಲಾಸಲ್ಲೂ ಇದನ್ನ ಹೇಳ್ಕೊಡಲ್ಲ, ಅವರಿಗೆ ಬೇಕಾಗೂ ಇಲ್ಲ.

ಶ್ರುತಿ ವಿಷಯಾನೂ ಇದೆ. ಹಾಡಿನ ಕೀ ನೋಡಿ ಹೇಳೋ ಸಾಫ್ಟ್‌ವೇರ್‌ಗಳು ಕ್ಯಾಮೆಲಾಟ್ ಅನ್ನೋ ಗಡಿಯಾರದ ಥರದ ಚಕ್ರದಲ್ಲಿ ನಂಬರ್ ಕೊಡ್ತಾವೆ, 8ಎ ಇದ್ರೆ 8ಬಿ ಹೊಂದುತ್ತೆ, 7ಎ 9ಎ ಹೊಂದುತ್ತೆ ಅಂತ. ಅದು ಮೇಜರ್ ಮೈನರ್ ಎರಡನ್ನೇ ಬಲ್ಲದು. ಮಾಯಾಮಾಳವಗೌಳ ರಾಗದ ನೆರಳಿರೋ ಹಾಡು ಕೊಟ್ರೆ ಅದು ಏನೋ ಒಂದು ಹೇಳುತ್ತೆ, ನಂಬೋಕಾಗಲ್ಲ. ಇಲ್ಲಿ ನಮ್ಮ ಹಳೇ ಗ್ರಹಭೇದ ಕೈಹಿಡಿಯುತ್ತೆ, ನಿಜವಾಗ್ಲೂ. ಮೋಹನ ರಾಗದ ಧೈವತಾನ ಷಡ್ಜ ಮಾಡ್ಕೊಂಡ್ರೆ ಶುದ್ಧ ಧನ್ಯಾಸಿ ರಾಗ ಬರುತ್ತೆ, ಸ್ವರಗಳು ಅವೇ ಐದು. ಅಂದ್ರೆ ಸಿ ಶ್ರುತಿಯ ಮೋಹನದ ಹಾಡಿನಿಂದ ಎ ಶ್ರುತಿಯ ಶುದ್ಧ ಧನ್ಯಾಸಿಯ ಹಾಡಿಗೆ ಸಲೀಸಾಗಿ ದಾಟ್ಬಹುದು, ಚಕ್ರದ 8ಬಿ ಇಂದ 8ಎಗೆ ದಾಟೋದೂ ಅದೇ. ಗಾಂಧಾರದಿಂದ ಹಿಂದೋಳ, ರಿಷಭದಿಂದ ಮಧ್ಯಮಾವತಿ, ಪಂಚಮದಿಂದ ಶುದ್ಧ ಸಾವೇರಿ. ನಾನು ಹಾಡುಗಳನ್ನ ಫೋಲ್ಡರ್ ಮಾಡಿ ಇಟ್ಕೊಂಡಿರೋದೇ ಹೀಗೆ, ಮೊದಲು ರಾಗದ ನೆರಳು, ಆಮೇಲೆ ವೇಗ. ಹಳೇ ಟರ್ನ್‌ಟೇಬಲ್ ಕಾಲದಲ್ಲಿ ಇದೂ ಕೆಲಸಕ್ಕೆ ಬರ್ತಿರ್ಲಿಲ್ಲ ಅನ್ನಿ, ವೇಗ 6 ಪರ್ಸೆಂಟ್ ಏರಿಸಿದ್ರೆ ಶ್ರುತೀನೂ ಅರ್ಧ ಸ್ವರದಷ್ಟು ಮೇಲಕ್ಕೆ ಹೋಗ್ತಿತ್ತು. ಈಗ ಕೀ ಲಾಕ್ ಇದೆ, ವೇಗ ಬದಲಾದ್ರೂ ಶ್ರುತಿ ಅಲ್ಲಾಡಲ್ಲ.

ಕೇಳುಗರ ಕಷ್ಟಾನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಟೆಕ್ನೋ ಕೇಳೋಕೆ ಬಂದೋರಿಗೆ ಹಾಡು ಯಾವ್ದು ಅಂತ ಗೊತ್ತಿರಲ್ಲ, ಮಧ್ಯದಲ್ಲಿ ಎಲ್ಲಿ ಕತ್ತರಿಸಿದ್ರೂ ಸರಿನೇ. ಮಂಟಪದಲ್ಲಿ ಕೂತಿರೋ ಅಜ್ಜಿಗೂ ಪೂರ್ತಿ ಹಾಡು ಬಾಯಿಪಾಠ. ಚರಣದ ಎರಡನೇ ಸಾಲಿಗೆ ಹಾಡು ಬದಲಾಯಿಸಿದ್ರೆ ಜನ ಮೂರನೇ ಸಾಲು ಹಾಡ್ತಾನೇ ಇರ್ತಾರೆ, ಆಮೇಲೆ ಎಲ್ರೂ ತಿರುಗಿ ನನ್ನ ಕಡೆ ನೋಡ್ತಾರೆ. ಹಾಗಾಗಿ ಸಾಲು ಮುಗಿಯೋ ಜಾಗಕ್ಕೇ ದಾಟ್ಬೇಕು, ಆ ಜಾಗದಲ್ಲೇ ತಾಳಾನೂ ಮುಗೀಬೇಕು ಶ್ರುತೀನೂ ಹೊಂದ್ಬೇಕು, ಮೂರೂ ಒಟ್ಟಿಗೆ ಸಿಗೋ ಜಾಗ ಒಂದು ಹಾಡಲ್ಲಿ ಒಂದೋ ಎರಡೋ ಇರ್ತಾವೆ. ಜೊತೆಗೆ ಒಂದೇ ಸಂಜೇಲಿ ವಧೂವರರ ಎಂಟ್ರಿ, ಕೇಕು, ಗೆಳೆಯರ ಡ್ಯಾನ್ಸು, ಅತ್ತೆಯಂದಿರ ಡ್ಯಾನ್ಸು, 76ರ ಮೆಲೊಡಿಯಿಂದ 160ರ ಟಪ್ಪಾಂಗುಚ್ಚಿ ತನಕ, ಮಧ್ಯದಲ್ಲಿ ಒಬ್ಬ ಪಂಜಾಬಿ ಕೇಳ್ತಾನೆ ಇನ್ನೊಬ್ಬ ತೆಲುಗು ಕೇಳ್ತಾನೆ, ಹತ್ತು ಗಂಟೆಗೆ ಹೊರಗಡೆ ಸೌಂಡ್ ನಿಲ್ಲಿಸ್ಬೇಕು ಅಂತ ಕಾನೂನು ಬೇರೆ. ಇಷ್ಟನ್ನ ಮಾಡಿ ಮುಗಿಸಿ ಕೇಬಲ್ ಸುತ್ತೋ ಹುಡುಗನನ್ನ ಕಮರ್ಷಿಯಲ್ ಡಿಜೆ ಅಂತ ಪಬ್‌ನವರು ಮೂಗು ಮುರಿಯೋದು ನೋಡಿದ್ರೆ ನಗು ಬರುತ್ತೆ.

ನಿಜ ಹೇಳ್ಬೇಕಂದ್ರೆ ಕೆಲವು ಮದುವೆ ಡಿಜೆಗಳು ಮಿಕ್ಸ್ ಮಾಡೋದೇ ಇಲ್ಲ. ಹಾಡು ನಿಲ್ಲಿಸಿ, ಏರ್‌ಹಾರ್ನ್ ಒತ್ತಿ, ಮೈಕಲ್ಲಿ "ಜೋರಾಗಿ ಚಪ್ಪಾಳೆ" ಅಂದು ಮುಂದಿನದು ಹಾಕ್ತಾರೆ. ಕಷ್ಟ ಇದೆ ಅಂದ ಮಾತ್ರಕ್ಕೆ ಎಲ್ರೂ ಅದನ್ನ ಗೆದ್ದಿದ್ದಾರೆ ಅಂತಲ್ಲ. ಇನ್ನು ಕೆಲವರು ಹಳೇ ಹಾಡಿನ ಕೆಳಗೆ ದಪ್ಪ ಕಿಕ್ ಒಂದನ್ನ ಹೊಡೆದು ಡಿಜೆ ರೀಮಿಕ್ಸ್ ಅಂತ ಬಿಡ್ತಾರೆ, ಗಣೇಶನ ಮೆರವಣಿಗೆ ಟ್ರ್ಯಾಕ್ಟರ್ ಮೇಲೆ ಕೇಳ್ಸೋದು ಅದೇ, ಕಿವಿಗೆ ಹಿಂಸೆ. ಆದ್ರೆ ಅದರ ಹಿಂದಿನ ಬುದ್ಧಿ ಮೆಚ್ಚಬೇಕು: ಡಿಜೆಗೆ ಅಂತ ಮಾಡಿರದ ಹಾಡನ್ನ ಡಿಜೆಗೆ ಬೇಕಾದಂಗೆ ಮಾಡ್ಕೊಳ್ಳೋದು, ಮುಂದೊಂದು ಎಂಟು ಬಾರ್ ಡ್ರಮ್ಮು ಹಿಂದೊಂದು ಎಂಟು ಬಾರ್ ಡ್ರಮ್ಮು. 70ರ ದಶಕದಲ್ಲಿ ನ್ಯೂಯಾರ್ಕಿನವರು ಮಾಡಿದ್ದೂ ಇದನ್ನೇ, ಅವರ ಕಿಕ್ ಸ್ವಲ್ಪ ಸಭ್ಯವಾಗಿತ್ತು ಅಷ್ಟೇ.

ಈಚಿನ ಕನ್ನಡ ಹಾಡುಗಳಲ್ಲಿ ಈ ರಗಳೆ ಕಮ್ಮಿ. ಎಲ್ಲಾ ಕಂಪ್ಯೂಟರಲ್ಲಿ ಕ್ಲಿಕ್ ಇಟ್ಕೊಂಡೇ ಮಾಡೋದು, ಗ್ರಿಡ್ ಹಾಕಿದ್ರೆ ಕೊನೇ ತನಕ ಅಲ್ಲಾಡಲ್ಲ. ಕನ್ನಡ ರ್‍ಯಾಪ್ ಅಂತೂ ಬೇರೆ ಯಾವ ಹಿಪ್‌ಹಾಪ್‌ಗೂ ಸಲೀಸಾಗಿ ಸೇರುತ್ತೆ. ಹಂಗಾಗಿ ಕಷ್ಟ ಭಾಷೇಲೂ ಇಲ್ಲ, ಸಿನಿಮಾದಲ್ಲೂ ಇಲ್ಲ, ಹಾಡು ಹುಟ್ಟಿದ ಕೋಣೇಲಿ ಏನಿತ್ತು ಅನ್ನೋದರಲ್ಲಿದೆ. ಹಳೇ ಸಾಲ್ಸಾ ರೆಕಾರ್ಡ್ ಪ್ಲೇ ಮಾಡೋ ಡಿಜೆಗಳಿಗೂ, ಡಿಸ್ಕೋ ಹುಚ್ಚರಿಗೂ ಇದೇ ಗೋಳು ಇದೆ, ಅವರ ಡ್ರಮ್ಮರೂ ಮನುಷ್ಯರೇ ತಾನೇ.

ಈಗ ಸ್ಟೆಮ್ಸ್ ಅಂತ ಬಂದಿದೆ, ಹಾಡಿನಿಂದ ದನಿ ಬೇರೆ, ಡ್ರಮ್ ಬೇರೆ, ಉಳಿದದ್ದು ಬೇರೆ ಅಂತ ಅಲ್ಲೇ ಓಡ್ತಿರೋವಾಗ್ಲೇ ಬಿಡಿಸಿಕೊಡುತ್ತೆ. ಹಳೇ ಹಾಡಿನ ತಬಲಾ ತೆಗೆದು, ಬರೀ ದನಿ ಇಟ್ಕೊಂಡು, ಕೆಳಗೆ ಹೌಸ್ ಡ್ರಮ್ ಹಾಕಿದ್ರೆ ಎಲ್ಲಾ ಸಮಸ್ಯೆ ಮುಗೀತು ಅಂತ ಅನ್ಸುತ್ತೆ. ಮುಗಿಯಲ್ಲ. ದನೀನೂ ಆ ಏರೋ ಇಳಿಯೋ ವೇಗದಲ್ಲೇ ಹಾಡಿದ್ದು, ಅದನ್ನ ಗ್ರಿಡ್‌ಗೆ ಎಳೆದು ಕೂರಿಸ್ಬೇಕು, ಅಲ್ಲಲ್ಲಿ ಮೊಳೆ ಹೊಡೆದಂಗೆ. ಬೇಕಾದ್ರೆ ಪ್ರತಿ ಅಕ್ಷರಕ್ಕೂ ಹೊಡೀಬಹುದು, ಆಗ ಒಂದು ಕೂದಲೂ ಆಚೀಚೆ ಆಗಲ್ಲ. ಹಾಡು ಮಾತ್ರ ಸತ್ತೋಗುತ್ತೆ. ಆ ಗಾಯಕರು ಬೇಕಂತಲೇ ಬೀಟಿಗೆ ಸ್ವಲ್ಪ ಹಿಂದೆ ಉಳಿದು, ಸಾಲಿನ ಕೊನೇಲಿ ಓಡಿ ಬಂದು ಸಮ ಮುಟ್ತಾರೆ, ಮಜಾ ಇರೋದೇ ಅಲ್ಲಿ. ಅದಕ್ಕೆ ನಾನು ಆವರ್ತಕ್ಕೆ ಒಂದೇ ಮೊಳೆ ಹೊಡೀತೀನಿ, ಸಮದ ಮೇಲೆ, ಮಧ್ಯದಲ್ಲಿ ಏನಾದ್ರೂ ಮಾಡ್ಕೊಳ್ಳಲಿ ಅಂತ ಬಿಡ್ತೀನಿ. ಡ್ರಮ್ಮು ಅಷ್ಟು ನೆಟ್ಟಗಿರೋವಾಗ ದನಿ ಸ್ವಲ್ಪ ವಾಲಿದ್ರೆ ಅಂದಾನೇ. ಆದ್ರೆ ಇದಕ್ಕೆ ಒಂದೊಂದು ಹಾಡಿಗೆ ಮನೇಲಿ ಅರ್ಧ ದಿನ ಹೋಗುತ್ತೆ, ಅಷ್ಟೊತ್ತಲ್ಲಿ ಟೆಕ್ನೋದ ಸ್ನೇಹಿತ ಮೂರು ಗಂಟೆ ಸೆಟ್‌ಗೆ ಬೇಕಾದ ಹಾಡು ಡೌನ್‌ಲೋಡ್ ಮಾಡಿ, ಅನಲೈಸ್‌ಗೆ ಹಾಕಿ, ನಿದ್ದೆ ಮಾಡಿ ಎದ್ದಿರ್ತಾನೆ.